ಹಸಿರು ಪಟ್ಟಿ ಕಟ್ಟಿದ ಪೆಟ್ಟಿಗೆಗಳು

ಫೆಬ್ರವರಿ 9

ಮಗಳೇ,

ನಾನು ಕ್ಷೇಮ. ನೀನೂ ಕ್ಷೇಮವಾಗಿರು. ಇದು ಹಾರೈಕೆಯಲ್ಲ, ಆಜ್ಞೆ.

ಮೂರು ವರ್ಷದ ಒಂದು ಕೆಲಸ ಗಟ್ಟಿಯಾಯಿತು. ಹೊರದೇಶದ ಗುಡ್ಡದೂರೊಂದರಲ್ಲಿ ಹೊಸ ಆಸ್ಪತ್ರೆ ಕಟ್ಟಿದ್ದಾರೆ. ಅಲ್ಲಿನ ಎಳೆಯ ನರ್ಸುಗಳಿಗೆ ತುರ್ತು ವಿಭಾಗದ ಕೆಲಸ ಕಲಿಸಬೇಕು. ನಿವೃತ್ತಳಾಗಿ ಗೋಡೆ ನೋಡುತ್ತ ಕೂರುವುದಕ್ಕಿಂತ ವಾಸಿ. ಗೋಡೆ ನೋಡೋಣವೆಂದರೂ ಜಾಗವಿಲ್ಲ ಬಿಡು, ಎಲ್ಲ ಕಡೆ ಗಡಿಯಾರಗಳೇ. ಸನ್ಮಾನ ಮಾಡುವವರಿಗೆ ಗಡಿಯಾರ ಬಿಟ್ಟು ಬೇರೇನೂ ಹೊಳೆಯುವುದಿಲ್ಲ. ಹೊತ್ತಿಗೆ ಸರಿಯಾಗಿ ಒಂದು ದಿನವೂ ಮನೆಗೆ ಹೋಗದವಳಿಗೆ ಹೊತ್ತು ತೋರಿಸುವ ಸಾಮಾನು!

ತಿಂಗಳ ಕೊನೆಗೆ ಆಸ್ಪತ್ರೆಯ ಕ್ವಾರ್ಟರ್ಸ್ ಬಿಟ್ಟುಕೊಡಬೇಕು. ಒಬ್ಬಳೇ ಹೆಂಗಸಿನ ಮನೆಯಲ್ಲಿ ಇಷ್ಟೊಂದು ಹೇಗೆ ಸೇರಿತೋ ಕಾಣೆ. ಮುಚ್ಚಳವಿಲ್ಲದ ಡಬ್ಬಿಗಳು, ಡಬ್ಬಿಯಿಲ್ಲದ ಮುಚ್ಚಳಗಳು. ಒಂದಕ್ಕೊಂದು ಕೂರಿಸಿ ನೋಡುತ್ತ ಇಡೀ ಮಧ್ಯಾಹ್ನ ಕಳೆದೆ, ಒಂದು ಜೋಡಿಯೂ ಕೂಡಿಬರಲಿಲ್ಲ. ಯಾವ ಕಿಟಕಿಗೂ ಹೊಂದದ ಹಳೇ ಪರದೆಗಳು. ಹಿಡಿ ಮುರಿದ ಫ್ಲಾಸ್ಕುಗಳು. ಏನನ್ನೂ ಎಸೆಯದ ಈ ಬುದ್ಧಿ ನನ್ನಮ್ಮನಿಂದ ಬಂತು ಎಂದು ಬೈದುಕೊಂಡೆ. ಆದರೆ ಅವಳು ಹೋಗಿ ಇಪ್ಪತ್ತು ವರ್ಷವಾಯಿತು, ಫ್ಲಾಸ್ಕು ಕೊಂಡವಳು ನಾನೇ.

ಅಂತೂ ದಿನಕ್ಕಿಷ್ಟು ಪೆಟ್ಟಿಗೆಗೆ ತುಂಬಿ, ಒಂದೊಂದಕ್ಕೂ ಬಣ್ಣದ ಪಟ್ಟಿ ಕಟ್ಟುತ್ತಿದ್ದೇನೆ. ನನ್ನ ವಿಮಾನ ಇಪ್ಪತ್ತನೆಯ ತಾರೀಖಿಗೇ ಆಯಿತು. ಲಾರಿಯವರು ಬರುವುದು ಇಪ್ಪತ್ಮೂರಕ್ಕೆ, ಭಾನುವಾರ. ಒಂದು ಲಾರಿ ಬಂದರಿಗೆ ಹೋಗಿ ಹಡಗು ಹತ್ತುತ್ತದೆ, ಇನ್ನೊಂದು ನಿನ್ನ ಮಾವನ ಹಳೇ ಸಾಮಾನಿನ ಅಂಗಡಿಗೆ. ಮಾವನೇ ನಿಂತು ಏರಿಸಬೇಕಿತ್ತು, ಯಾವುದೋ ಬೀರು ಎತ್ತಲು ಹೋಗಿ ಸೊಂಟ ಹಿಡಿದುಕೊಂಡು ಮಲಗಿದ್ದಾನೆ. ನೀನು ಬರಬೇಕು. ಬಣ್ಣ ನೋಡಿ ಕಳಿಸು, ತಲೆ ಕೆಡಿಸಿಕೊಳ್ಳಬೇಡ. ಮಗುವಿಗೂ ತಿಳಿಯುವಂತಿದೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳವಾಡುತ್ತೇವೆ. ಕಾಗದದಲ್ಲಾದರೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಸುಮ್ಮನಿರಲೇಬೇಕು.

ನಿನ್ನ ಅಮ್ಮ


ಫೆಬ್ರವರಿ 13

ಅಮ್ಮಾ,

ಭಾನುವಾರ ನನಗೆ ರಜೆ, ಬರುತ್ತೇನೆ. ಬೀಗದ ಕೈಯನ್ನು ಪಕ್ಕದ ಮನೆಯ ಕಂಪೌಂಡರ್ ಹತ್ತಿರ ಕೊಟ್ಟಿರು.

ಬಣ್ಣದ ವಿಷಯ ನನಗೆ ಹೇಳಿಕೊಡಬೇಡ. ಏಳು ವರ್ಷದಿಂದ ಗೂಡ್ಸ್ ರೈಲು ಓಡಿಸುತ್ತಿದ್ದೇನೆ. ಬಣ್ಣ ನೋಡಿಯೇ ನನ್ನ ಅನ್ನ. ನಿನ್ನ ಹತ್ತು ಪೆಟ್ಟಿಗೆ ನನ್ನ ನಲವತ್ತು ವ್ಯಾಗನ್ನಿಗಿಂತ ದೊಡ್ಡದಲ್ಲ.

ಹೋಗುತ್ತೇನೆಂದು ತೀರ್ಮಾನವಾದ ಮೇಲೆ ತಿಳಿಸಿದ್ದೀಯ. ಇರಲಿ, ಹೊಸದೇನಲ್ಲ. ಆ ಮನೆಯಲ್ಲಿ ನನ್ನ ಸಾಮಾನು ಏನಾದರೂ ಉಳಿದಿದ್ದರೆ ಎಸೆದುಬಿಡು. ನನ್ನ ಎರಡು ಕೋಣೆಯಲ್ಲಿ ಜಾಗವಿಲ್ಲ, ನಿನಗಂತೂ ಮೊದಲಿನಿಂದಲೂ ಪುರುಸೊತ್ತಿಲ್ಲ.

ಚಳಿಯ ಊರಂತೆ. ಬೆಚ್ಚಗಿರು. ಇದು ಆಜ್ಞೆಯಲ್ಲ, ನನ್ನ ಆಜ್ಞೆ ನೀನು ಯಾವಾಗ ಕೇಳಿದ್ದೀಯ?

ನಿನ್ನ ಮಗಳು


ಮಾರ್ಚ್ 2

ಅಮ್ಮಾ,

ನಿನ್ನ ಹೊಸ ವಿಳಾಸಕ್ಕೆ ಇದು ಮೊದಲ ಕಾಗದ. ತಲುಪಿದ್ದೀಯ ಎಂದು ಮಾವ ಹೇಳಿದ.

ಸಾಮಾನು ಹೊರಟಿತು. ಲಾರಿಯವರು ಎಂಟಕ್ಕೆ ಎಂದವರು ಹನ್ನೊಂದಕ್ಕೆ ಬಂದರು, ಬಂದವರೇ ಟೀ ಎಲ್ಲಿ ಎಂದರು. ಹಸಿರು ಪಟ್ಟಿಯವನ್ನೆಲ್ಲ ಬಂದರಿನ ಲಾರಿಗೆ ಏರಿಸಿದೆ. ಹಳದಿಯವು ಮಾವನ ಗೋದಾಮಿಗೆ ಹೋದವು. ಕೆಂಪಿನವು ಎಲ್ಲಿಗೂ ಹೋಗುವಂತಿಲ್ಲ, ಮನೆ ಖಾಲಿ ಮಾಡಬೇಕು, ಹಾಗಾಗಿ ನನ್ನ ಕೋಣೆಗೆ ತಂದಿಟ್ಟುಕೊಂಡಿದ್ದೇನೆ. ಈಗ ಮಂಚಕ್ಕೆ ಹೋಗಬೇಕಾದರೆ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತೇನೆ. ಕಪ್ಪು ಪಟ್ಟಿ ನಮ್ಮ ಲೈನಿನಲ್ಲಿಲ್ಲ, ಬಿಚ್ಚಿ ನೋಡಿದೆ, ಕಸ. ಎಸೆದೆ.

ಈಗ ಬೇರೆ ವಿಷಯ. ಹಸಿರು ಪೆಟ್ಟಿಗೆಯೊಂದರ ತಳ ಕಿತ್ತುಬಂದು ಒಳಗಿದ್ದದ್ದೆಲ್ಲ ಮೆಟ್ಟಿಲ ಮೇಲೆ ಚೆಲ್ಲಿತು. ನೋಡಿದರೆ ನನ್ನ ನೀಲಿ ಕಂಬಳಿ. ನಿನ್ನ ಯೂನಿಫಾರ್ಮಿಗೆ ಇಸ್ತ್ರಿ ಹಾಕಿ ನಿನ್ನನ್ನು ಬೆರಗುಗೊಳಿಸೋಣವೆಂದು ಅದನ್ನು ಕೆಳಗೆ ಹಾಸಿ, ನಾನು ಸುಟ್ಟ ಮೂಲೆ ಹಾಗೇ ಇದೆ. ಬೇಸಿನ್ನಿಗೆ ಕೈ ಎಟುಕದೆ ಹತ್ತಿ ನಿಲ್ಲುತ್ತಿದ್ದ ಹಳದಿ ಸ್ಟೂಲು. ಈಜು ಸ್ಪರ್ಧೆಯ ಫಲಕ. ಅವತ್ತು ನೀನು ಬರುತ್ತೇನೆಂದು ಹೇಳಿ, ಯಾವುದೋ ಬಸ್ಸು ಉರುಳಿತೆಂದು ಬರಲಿಲ್ಲ. ಆಮೇಲೆ ನೀನು ಆ ಫಲಕವನ್ನು ಕಣ್ಣೆತ್ತಿ ನೋಡಿದ್ದೂ ನನಗೆ ನೆನಪಿಲ್ಲ.

ಲಾರಿಯವನು "ಇದೆಲ್ಲ ಹಡಗಿಗಾ ಅಕ್ಕಾ? ಈ ಹರುಕು ಕಂಬಳೀನೂ?" ಅಂದ. "ಹಸಿರು ಕಟ್ಟಿದಾರಲ್ಲ, ಹೋಗ್ಲೇಬೇಕು" ಅಂದೆ. ಅಂದು, ಒಳಗೆ ಹೋಗಿ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮೂರು ವರ್ಷಕ್ಕೆ ಹೊರಟವಳು ಇವನ್ನು ಹೊತ್ತುಕೊಂಡು ಹೋಗುತ್ತೀಯ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅಪ್ಪ ಹೋದ ಮೇಲೆ ಶಾಲೆ ಬಿಟ್ಟು ನೇರ ನಿನ್ನ ವಿಭಾಗದ ಹೊರಗಿನ ಬೆಂಚಿಗೆ ಬಂದು ಕೂರುತ್ತಿದ್ದೆ. ಬಾಗಿಲು ತೆರೆದಾಗಲೆಲ್ಲ ನೀನೇ ಎಂದು ತಲೆಯೆತ್ತುತ್ತಿದ್ದೆ. ನೀನು ಯಾರದೋ ಸ್ಟ್ರೆಚರಿನ ಹಿಂದೆ ಓಡುತ್ತಿದ್ದೆ. ನನ್ನನ್ನು ನೋಡುತ್ತಲೇ ಇರಲಿಲ್ಲ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ತಪ್ಪು ತಿಳಿದಿದ್ದೆ ಅಮ್ಮಾ.

ಇಷ್ಟೇ. ಹೆಚ್ಚು ಬರೆದರೆ ನಾಳೆ ನಾಚಿಕೆಯಾಗುತ್ತದೆ.

ನಿನ್ನ ಮಗಳು


ಮಾರ್ಚ್ 21

ತಮ್ಮಾ,

ನಿನ್ನ ಸೊಂಟ ಹೇಗಿದೆ? ಬಿಸಿನೀರಿನ ಚೀಲ ಇಟ್ಟುಕೋ, ನಾಟಿ ಎಣ್ಣೆ ಎಂದು ಕಂಡವರ ಕೈಯಲ್ಲಿ ತಿಕ್ಕಿಸಿಕೊಳ್ಳಬೇಡ.

ಒಂದು ಅನಾಹುತವಾಗಿದೆ. ನೀನು ನಮ್ಮ ಆಸ್ಪತ್ರೆಯಲ್ಲಿ ಎರಡು ವರ್ಷ ಸ್ಟೋರು ನೋಡಿಕೊಂಡವನು, ನಿನಗೆ ನಮ್ಮ ಪಟ್ಟಿ ಗೊತ್ತು. ದೊಡ್ಡ ಅಪಘಾತವಾಗಿ ಜನ ಒಟ್ಟಿಗೆ ಬಂದಾಗ ಬಾಗಿಲಲ್ಲೇ ನಿಂತು ಕೈಗೆ ಕಟ್ಟುತ್ತೇವೆ. ಕೆಂಪು ಎಂದರೆ ಇವರನ್ನು ಮೊದಲು ಒಳಗೆ ಒಯ್ಯಿ. ಹಳದಿ, ಸ್ವಲ್ಪ ಕಾಯಬಹುದು. ಹಸಿರು, ಕಾಲ ಮೇಲೆ ನಡೆಯಬಲ್ಲವರು, ಹೊರಗೆ ಕೂರಿಸಿ. ಕಪ್ಪು, ನಮ್ಮ ಕೈ ಮೀರಿದ್ದು. ಸಾಮಾನಿಗೂ ಹಾಗೇ ಕಟ್ಟಿದೆ. ಕೆಂಪು ನನ್ನ ಜೊತೆ, ಹಳದಿ ನಿನ್ನ ಗೋದಾಮಿಗೆ, ಹಸಿರು ನಿನ್ನ ಅಂಗಡಿಯಲ್ಲಿ ಬೇಕಾದವರಿಗೆ ಕೊಡಲು. ಮೂವತ್ತು ವರ್ಷ ಅದೇ ಬಣ್ಣದಲ್ಲಿ ಬದುಕಿದವಳಿಗೆ ಬೇರೆ ಅರ್ಥ ಇರಬಹುದೆಂದೇ ಹೊಳೆಯಲಿಲ್ಲ ಕಣೋ.

ಅವಳು ರೈಲಿನವಳು. ಹಸಿರು ಕಂಡಳು, ಹೊರಡಿಸಿದಳು. ಕೆಂಪು ಕಂಡಳು, ನಿಲ್ಲಿಸಿದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನನ್ನ ಉಣ್ಣೆ ಕೋಟು, ದಪ್ಪ ಅಡಿಯ ಬೂಟು, ಪಾಠದ ಪುಸ್ತಕಗಳು, ಹಾಸಿಗೆ ಹೊದಿಕೆ ಎಲ್ಲ ಅವಳ ಮಂಚದ ಸುತ್ತ ಕೂತಿವೆ. ಗಡಿಯಾರಗಳೂ ಡಬ್ಬಿಯಿಲ್ಲದ ಮುಚ್ಚಳಗಳೂ ಹಡಗಿನಲ್ಲಿ ಗಾಳಿ ತಿನ್ನುತ್ತ ಬರುತ್ತಿವೆ.

ಅದು ಹೋಗಲಿ. ಎರಡು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡು ಕ್ಲಾಸಿಗೆ ಹೋಗುತ್ತಿದ್ದೇನೆ, ಸಾಯುವುದಿಲ್ಲ. ಆದರೆ ಅವಳ ಸಾಮಾನೂ ಹಸಿರಿನಲ್ಲಿತ್ತು. ಎಸೆದುಬಿಡು ಎಂದು ಅವಳೇ ಬರೆದಿದ್ದಳು, ನಾನು ಅದನ್ನು ಸಹಿ ಹಾಕಿದ ಒಪ್ಪಿಗೆಯಂತೆ ತೆಗೆದುಕೊಂಡೆ. ಈಗ ಅವಳು ನಾನು ಅವನ್ನು ಎದೆಗೆ ಅವಚಿಕೊಂಡು ಹೊರಟೆ ಎಂದುಕೊಂಡಿದ್ದಾಳೆ. ಹಾಗಂತ ಬರೆದಿದ್ದಾಳೆ. ಇಂಥ ಕಾಗದ ಅವಳು ಜನ್ಮದಲ್ಲಿ ನನಗೆ ಬರೆದಿರಲಿಲ್ಲ. ಓದಿದಾಗ ಮೊದಲು ಖುಷಿಯಾಯಿತು. ಆಮೇಲೆ ಬಣ್ಣದ ಸಾಲುಗಳನ್ನು ಮತ್ತೆ ಓದಿದೆ.

ಬಿಸಿತುಪ್ಪವಾಗಿದೆ ಇದು, ನುಂಗುವಂತಿಲ್ಲ, ಉಗುಳುವಂತಿಲ್ಲ. ಏನು ಮಾಡಲಿ ಹೇಳು.

ನಿನ್ನ ಅಕ್ಕ


ಏಪ್ರಿಲ್ 5

ಅಕ್ಕಾ,

ಸೊಂಟ ಪರವಾಗಿಲ್ಲ. ನಾಟಿ ಎಣ್ಣೆಯಿಂದಲೇ ವಾಸಿಯಾಯಿತು, ಬೈಯಬೇಡ.

ಹಸಿರು ಪೆಟ್ಟಿಗೆ ಒಂದೂ ಬರದಿದ್ದಾಗ ನಾನು, ಅಕ್ಕನಿಗೆ ಕೊನೇ ಗಳಿಗೆಯಲ್ಲಿ ಮೋಹ ಬಂತು ಎಂದುಕೊಂಡು ಸುಮ್ಮನಾದೆ. ನೀನು ಕೊಳ್ಳುವಾಗ ಮಹಾರಾಣಿ, ಬಿಡುವಾಗ ಸನ್ಯಾಸಿನಿ. ನಿನ್ನನ್ನು ನಂಬುವುದು ಹೇಗೆ?

ಏನು ಮಾಡಲಿ ಅಂದೆಯಲ್ಲ. ಏನೂ ಮಾಡಬೇಡ, ಬಾಯಿಗೆ ಬೀಗ ಹಾಕು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ. ನನ್ನ ಅಂಗಡಿಯ ಅರ್ಧ ವ್ಯಾಪಾರ ನಡೆಯುವುದೇ ಹೀಗೆ. ಯಾರೋ ಬೇಡವೆಂದು ಬಿಸಾಕಿದ ಕುರ್ಚಿಯನ್ನು ಇನ್ಯಾರೋ ಬಂದು ತಮ್ಮ ಅಜ್ಜನದೇ ಎನ್ನುವಷ್ಟು ಪ್ರೀತಿಯಿಂದ ಒಯ್ಯುತ್ತಾರೆ. ನಾನು ಹಿಂದೆ ಓಡಿಹೋಗಿ, ಇದು ಗುಜರಿಯಲ್ಲಿ ಸಿಕ್ಕಿತ್ತು ಸ್ವಾಮಿ ಎನ್ನುತ್ತೇನೆಯೇ?

ಬೆಂಕಿಪೊಟ್ಟಣ ಹೋದ ವಾರ ಬಂದಿದ್ದಳು. (ಈ ಹೆಸರು ನಾನಿಟ್ಟದ್ದೆಂದು ಅವಳಿಗೆ ಈಗಲೂ ಕೋಪ, ಕೋಪ ಬಂದಷ್ಟೂ ಹೆಸರು ಸರಿಯೆನಿಸುತ್ತದೆ.) ಅಂಗಡಿಯಲ್ಲಿ ಕೂತು ನಿನ್ನ ವಿಷಯವೇ ಮಾತು. "ಅಮ್ಮ ಅಲ್ಲಿ ಊಟಕ್ಕೇನ್ ಮಾಡ್ತಾಳೋ, ಹೊತ್ತಿಗೆ ಸರಿಯಾಗಿ ತಿಂತಾಳೋ ಇಲ್ವೋ" ಅಂದಳು. ಅವಳ ಬಾಯಲ್ಲಿ ಇಂಥ ಮಾತು! ನಾನು ಎದ್ದು ಬಾಗಿಲ ಹೊರಗೆ ನೋಡಿದೆ, ಸೂರ್ಯ ಎಲ್ಲಿ ಹುಟ್ಟಿದ್ದಾನೆ ಎಂದು.

ಹಾಗಾಗಿ ಹೇಳುತ್ತೇನೆ, ಸುಮ್ಮನಿರು. ಸತ್ಯ ಹೇಳಿ ಯಾರಿಗೆ ಲಾಭ?

ನಿನ್ನ ತಮ್ಮ


ಏಪ್ರಿಲ್ 19

ಮಗಳೇ,

ಕಾಗದ ಬಂತು, ಓದಿದೆ. ಉತ್ತರ ತಡವಾಯಿತು.

ಇಲ್ಲಿ ಎಲ್ಲ ಸರಿಯಾಗಿದೆ. ಕೋಣೆ ಚಿಕ್ಕದು, ಕಿಟಕಿ ದೊಡ್ಡದು, ಬೆಳಗ್ಗೆ ಗಾಜಿನ ಮೇಲೆ ಹಿಮ ಕೂತಿರುತ್ತದೆ. ಮಂಚ, ಮೇಜು, ಒಂದು ಕುರ್ಚಿ ಬಿಟ್ಟರೆ ಬೇರೇನೂ ಇಲ್ಲ. ಮಾತಾಡಿದರೆ ಗೋಡೆ ತಿರುಗಿ ಮಾತಾಡುತ್ತದೆ. ಹುಡುಗಿಯರು ಚುರುಕಾಗಿದ್ದಾರೆ. ಒಬ್ಬಳು ರಕ್ತ ಕಂಡರೆ ಕಣ್ಣು ಮುಚ್ಚುತ್ತಾಳೆ, ಅವಳಿಗೆ ಎರಡು ತಿಂಗಳು ಬೇಕು.

ಸಾಮಾನು ಇನ್ನೂ ಸಮುದ್ರದಲ್ಲಿದೆ. ಬಂದ ಮೇಲೆ ಬರೆಯುತ್ತೇನೆ. ನಿನ್ನ ಕೋಣೆಯಲ್ಲಿ ಇಕ್ಕಟ್ಟಾಗಿರಬೇಕು, ಮಾವನ ಗೋದಾಮಿನಲ್ಲಿ ಇಡಬಹುದು.

ಬೇರೆ ವಿಶೇಷವಿಲ್ಲ.

ಅಮ್ಮ


ಮೇ 10

ಅಮ್ಮಾ,

ಇಷ್ಟು ಚಿಕ್ಕ ಕಾಗದ! ಆಸ್ಪತ್ರೆಯ ಚೀಟಿಯಲ್ಲೂ ಇದಕ್ಕಿಂತ ಹೆಚ್ಚು ಬರೆದಿರುತ್ತಾರೆ. ನಾನು ಅಷ್ಟೆಲ್ಲ ಬರೆದದ್ದಕ್ಕೆ ನಿನಗೆ ಮುಜುಗರವಾಯಿತು ತಾನೆ? ಗೊತ್ತು. ನನಗೂ ಆಯಿತು. ಹಾಗಾಗಿ ನಾವಿಬ್ಬರೂ ಸಮ.

ಮೊನ್ನೆ ಒಂದು ಕೆಂಪು ಪೆಟ್ಟಿಗೆಯ ಮೇಲೆ ಟೀ ಚೆಲ್ಲಿತು. ಒಳಗೆ ಒದ್ದೆಯಾಯಿತೇನೋ ಎಂದು ಬಿಚ್ಚಿದೆ. ನಿನ್ನ ಉಣ್ಣೆ ಕೋಟು. ಅದರ ಕೆಳಗೆ ದಪ್ಪ ಬೂಟು. ಅಲ್ಲಮ್ಮಾ, ಹಿಮದ ಊರಿಗೆ ಹೋಗುವವಳು ಕೋಟನ್ನು ಇಲ್ಲಿ ಬಿಟ್ಟು, ಮೂಲೆ ಸುಟ್ಟ ಕಂಬಳಿ ಒಯ್ದಿದ್ದೀಯಲ್ಲ! ಹಡಗಿನಲ್ಲಿ ಜಾಗ ಸಾಲದು ಅಂತ ಮಾಡಿದೆಯಾ? ಹುಚ್ಚಿ ನೀನು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಮ್ಮ ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿದೆ. ನಮ್ಮ ಹಿರಿಯ ಡ್ರೈವರ್ ಇದ್ದಾರಲ್ಲ, ಯಾರನ್ನೂ ಹೊಗಳದವರು, ಅವರೂ "ತಾಯಿ ಅಂದ್ರೆ ಹಿಂಗಿರ್ಬೇಕು ನೋಡಮ್ಮ" ಅಂದರು. ನಾನು ಎದೆಯುಬ್ಬಿಸಿಕೊಂಡು ತಿರುಗಿದೆ.

ಕೋಟು ಪಾರ್ಸೆಲ್ ಮಾಡಲೇ? ಹೇಳು.

ನಿನ್ನ ಮಗಳು


ಜೂನ್ 3

ಮಗಳೇ,

ಈ ಕಾಗದವನ್ನು ಕೂತು ಓದು.

ಸಾಮಾನು ಮೊನ್ನೆ ಬಂತು. ಬಿಚ್ಚಿದೆ. ಈಗ ನನ್ನ ಕೋಣೆಯಲ್ಲಿ ಹನ್ನೊಂದು ಗಡಿಯಾರ, ಒಂದು ರಾಶಿ ಮುಚ್ಚಳ, ನಿನ್ನ ಕಂಬಳಿ, ಸ್ಟೂಲು, ಫಲಕ ಇವೆ. ಇವು ಯಾವುವೂ ಇಲ್ಲಿಗೆ ಬರಬೇಕಾದವಲ್ಲ.

ನಮ್ಮ ವಿಭಾಗದಲ್ಲಿ ಕೆಂಪು ಪಟ್ಟಿ ಎಂದರೆ ಮೊದಲು ಒಯ್ಯಬೇಕಾದವರು. ಹಸಿರು ಎಂದರೆ ನಡೆಯಬಲ್ಲವರು, ಹೊರಗೆ ಕೂರಿಸಬೇಕಾದವರು. ನಾನು ಒಯ್ಯಬೇಕೆಂದಿದ್ದದ್ದು ಕೆಂಪನ್ನು. ಹಸಿರನ್ನು ಮಾವನ ಅಂಗಡಿಯಿಂದ ಯಾರಿಗಾದರೂ ಕೊಟ್ಟುಬಿಡಲು ಕಟ್ಟಿದ್ದೆ. ನಿನ್ನ ಸಾಮಾನನ್ನೂ. ನೀನು ಎಸೆದುಬಿಡು ಎಂದಿದ್ದೆ, ನಾನು ಎರಡನೇ ಸಲ ಯೋಚಿಸಲಿಲ್ಲ. ಕಂಬಳಿ ಮಡಿಸುವಾಗ ಸುಟ್ಟ ಮೂಲೆ ಕಂಡಿತು. ಹೇಗೆ ಸುಟ್ಟಿತೆಂದು ನನಗೆ ಗೊತ್ತಿರಲಿಲ್ಲ, ಕೇಳಬೇಕೆಂದೂ ಅನ್ನಿಸಲಿಲ್ಲ. ಮಡಿಸಿದೆ, ಹಸಿರು ಕಟ್ಟಿದೆ, ಮುಂದಿನ ಪೆಟ್ಟಿಗೆಗೆ ಹೋದೆ.

ಮಾವ ಹೇಳಬೇಡ ಎಂದ. ಅವನನ್ನು ಬೈಯಬೇಡ, ನಮ್ಮಿಬ್ಬರ ಒಳ್ಳೆಯದಕ್ಕೇ ಅಂದದ್ದು. ಎರಡು ತಿಂಗಳು ಅವನ ಮಾತು ಕೇಳಿದೆ. ಆದರೆ ನೀನು ಶೆಡ್ಡಿನಲ್ಲಿ ಎದೆಯುಬ್ಬಿಸಿಕೊಂಡು ತಿರುಗಿದ್ದು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಮಾಡದ ಕೆಲಸಕ್ಕೆ ಗಡಿಯಾರ ಇಸಿದುಕೊಂಡಂತಾಯಿತು. ರೋಗಿಗಳಿಗೆ ನಾನು ಯಾವತ್ತೂ ಸುಳ್ಳು ಹೇಳಿದವಳಲ್ಲ. ನಿನಗೆ ಹೇಳಿದರೆ ನಾಳೆ ನಾನು ನಿಜವಾಗಿ ಪ್ರೀತಿಯಿಂದ ಒಂದು ಮಾತು ಬರೆದಾಗ ಅದನ್ನೂ ನೀನು ನಂಬುವಂತಿಲ್ಲ.

ನೀನು ನನಗೆ ಹಸಿರೇ ಆಗಿದ್ದೆ. ನಿನ್ನ ಕಾಲ ಮೇಲೆ ನೀನು ನಿಲ್ಲುತ್ತೀ, ನಿನ್ನ ಬಗ್ಗೆ ಭಯವಿಲ್ಲ ಎಂದುಕೊಂಡು ಬದುಕಿದೆ. ನಮ್ಮ ಕೆಲಸದಲ್ಲಿ ಹಸಿರು ಕಟ್ಟುವಾಗ ಜೀವಕ್ಕೆ ಸಮಾಧಾನವಾಗುತ್ತದೆ. ಇದನ್ನು ಸಮರ್ಥನೆಗೆ ಬರೆಯುತ್ತಿಲ್ಲ, ಇದ್ದದ್ದು ಬರೆಯುತ್ತಿದ್ದೇನೆ.

ಹಾಸಿಗೆ ಹೊದಿಕೆ ನಿನ್ನ ಹತ್ತಿರ ಉಳಿದದ್ದರಿಂದ ಆ ಕಂಬಳಿ ಹೊದ್ದು ಮಲಗುತ್ತಿದ್ದೇನೆ. ಕಾಲು ಹೊರಗೆ ಬರುತ್ತದೆ.

ನಿನ್ನ ಅಮ್ಮ


ಜುಲೈ 28

ಅಕ್ಕಾ,

ಸತ್ಯ ಹರಿಶ್ಚಂದ್ರನ ತಂಗಿಯಾಗಲು ಹೋದೆಯಲ್ಲ, ಈಗ ಅನುಭವಿಸು. ನಾನು ಬಡಕೊಂಡೆ.

ನಿನಗೆ ಕಾಗದವಿಲ್ಲ ಎಂದು ಬರೆದಿದ್ದೀಯ. ಇಲ್ಲಿಗೂ ಅವಳು ಬಂದದ್ದು ಒಮ್ಮೆ. ಬಾಗಿಲಲ್ಲಿ ನಿಂತು "ಮಾವಾ, ನಿಂಗೂ ಗೊತ್ತಿತ್ತಾ?" ಅಂದಳು. ನನಗೇನು ಗೊತ್ತು ಅಂದೆ. ಕುಂಬಳಕಾಯಿ ಕಳ್ಳನ ಹಾಗೆ ಕೈ ತಾನಾಗಿ ಹೆಗಲಿಗೆ ಹೋಗಿರಬೇಕು, ಅವಳು ಮುಖ ನೋಡಿಯೇ ತಿಳಿದಳು. ಬೈಯಲಿಲ್ಲ. ಅವಳು ಬೈಯದಿದ್ದಾಗ ನನಗೆ ಭಯವಾಗುತ್ತದೆ. ಮಾರಾಟಕ್ಕಿಟ್ಟ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದು, ಟೀ ಕೂಡ ಕುಡಿಯದೆ ಎದ್ದುಹೋದಳು.

ಇನ್ನು ಕಾಯುವುದು ನಿನ್ನ ಸರದಿ.

ನಿನ್ನ ತಮ್ಮ


ಸೆಪ್ಟೆಂಬರ್ 15

ಅಮ್ಮಾ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಹೇಗಿದ್ದರೂ ಹಾಕುತ್ತೇನೆ.

ಎಸೆದುಬಿಡು ಎಂದವಳು ನಾನೇ, ಒಪ್ಪುತ್ತೇನೆ. ಆದರೆ ಎಸೆಯಲಿ ಎಂದು ಯಾರಾದರೂ ಹಾಗೆ ಬರೆಯುತ್ತಾರೆಯೇ? ಬೇಡ ಕಣೇ, ಇಟ್ಟುಕೊಳ್ಳುತ್ತೇನೆ ಎಂದು ನೀನು ಹೇಳಲಿ ಎಂದು ಬರೆದದ್ದು. ಊರಿಗೆಲ್ಲ ನಾಡಿ ನೋಡುವವಳಿಗೆ ಇಷ್ಟು ತಿಳಿಯಬಾರದೆ?

ಹಸಿರಿನವರನ್ನು ಹೊರಗೆ ಕೂರಿಸುತ್ತೇವೆ ಎಂದೆ. ಆ ಬೆಂಚು ನನಗೆ ಗೊತ್ತು. ಅಲ್ಲೇ ನಾನು ಮಗ್ಗಿ ಕಲಿತದ್ದು. ಪಕ್ಕದಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡವರು, ಹಣೆ ಒಡೆದವರು ಕೂತಿರುತ್ತಿದ್ದರು. ನಡೆಯಬಲ್ಲವರಿಗೆ ನೋವಿರುವುದಿಲ್ಲ ಎಂದು ನಿನಗೆ ಯಾರು ಹೇಳಿದರು? ಅವರು ಕೂಗುವುದಿಲ್ಲ ಅಷ್ಟೇ.

ನಿಜ ಹೇಳಿದೆ ಎಂದು ಮೆಚ್ಚಬೇಕು ಎಂದು ಮಾವ ಹೇಳುತ್ತಾನೆ. ಇನ್ನೂ ಮೆಚ್ಚಲು ಆಗಿಲ್ಲ.

ಶೆಡ್ಡಿನಲ್ಲಿ ಯಾರಿಗೂ ಹೇಳಿಲ್ಲ.

ಮಗಳು


ಅಕ್ಟೋಬರ್ 6

ಮಗಳೇ,

ನೀನು ಬರೆದದ್ದು ಸರಿ. ಅಕ್ಷರ ಅಕ್ಷರವೂ.

ಹೋದ ವಾರ ಇಲ್ಲಿ ಪಟ್ಟಿ ಕಟ್ಟುವ ಪಾಠವಿತ್ತು. ಪ್ರತಿ ವರ್ಷ ಹೇಳುವ ಮಾತನ್ನೇ ಹೇಳಿದೆ. ಹಸಿರು ಕಟ್ಟಿ ಕೈ ತೊಳೆದುಕೊಳ್ಳಬೇಡಿ, ಹೋಗಿ ಹೋಗಿ ನೋಡುತ್ತಿರಿ. ನಗುತ್ತ ಕೂತವನು ಒಳಗೇ ರಕ್ತ ಸುರಿದು ಬಿದ್ದುಹೋಗುತ್ತಾನೆ, ಹೊರಗೆ ಬಂದು ನೋಡದ ನರ್ಸು ನರ್ಸೇ ಅಲ್ಲ ಎಂದೆ. ಹುಡುಗಿಯರು ಬರೆದುಕೊಂಡರು. ನಾನು ಪಾಠ ನಿಲ್ಲಿಸಿ ಕುರ್ಚಿಯಲ್ಲಿ ಕೂತುಬಿಟ್ಟೆ. ರಕ್ತಕ್ಕೆ ಹೆದರುವವಳು ಎದ್ದು ನೀರು ತಂದುಕೊಟ್ಟಳು.

ಬೆಂಚಿನ ಮೇಲೆ ಕೂತವರನ್ನೆಲ್ಲ ಹೊತ್ತಿಗೊಮ್ಮೆ ಬಂದು ನೋಡಿದ್ದೇನೆ. ತುದಿಯಲ್ಲಿ ಕೂತು ಮಗ್ಗಿ ಹೇಳುತ್ತಿದ್ದವಳೊಬ್ಬಳನ್ನು ಬಿಟ್ಟು. ಅವಳು ನನ್ನವಳು, ಅವಳಿಗೇನಾಗುತ್ತದೆ ಎಂದುಕೊಂಡೆ. ನನಗೆ ಬೇಜಾರಾಗಿದೆ. ಬಹಳ ಬೇಜಾರಾಗಿದೆ.

ಫಲಕವನ್ನು ಕಿಟಕಿಯ ಪಕ್ಕ ಮೊಳೆ ಹೊಡೆದು ಹಾಕಿದ್ದೇನೆ. ನೀನು ಎರಡನೆಯವಳಾಗಿ ಬಂದದ್ದು ಎಂದು ಅದರಲ್ಲಿ ಕೆತ್ತಿದ್ದಾರೆ. ನನಗೆ ಇಷ್ಟು ವರ್ಷ ಅದೂ ಗೊತ್ತಿರಲಿಲ್ಲ. ಮೊದಲನೆಯವಳು ಯಾರು? ನಿನಗೆ ಅವಳ ಮೇಲೆ ಕೋಪವಿತ್ತೇ? ಬರೆ. ಈ ಸಲ ಕೇಳುತ್ತಿದ್ದೇನೆ.

ನಿನ್ನ ಅಮ್ಮ


ನವೆಂಬರ್ 2

ಅಮ್ಮಾ,

ಮೊದಲನೆಯವಳು ಉದ್ದ ಕಾಲಿನ ಹುಡುಗಿ, ಡ್ರಿಲ್ ಮೇಷ್ಟರ ಮಗಳು. ಕೋಪವೇನು, ಒಂದು ವಾರ ಅವಳ ನೀರಿನ ಬಾಟಲಿಗೆ ಉಪ್ಪು ಹಾಕಿದ್ದೆ. ಉಳಿದದ್ದನ್ನು ಕಾಗದದಲ್ಲಿ ಬರೆಯಲು ಬೇಸರ.

ಮೂರು ವಾರ ರಜೆ ಸಿಕ್ಕಿದೆ. ಡಿಸೆಂಬರ್ ಇಪ್ಪತ್ತಕ್ಕೆ ಬರುತ್ತೇನೆ. ಕೋಟು, ಬೂಟು, ಪುಸ್ತಕ ತರುತ್ತೇನೆ. ನನ್ನ ಬಟ್ಟೆಗೆ ಪೆಟ್ಟಿಗೆಯಲ್ಲಿ ಜಾಗ ಉಳಿಯುವುದಿಲ್ಲ, ನಿನ್ನ ಸ್ವೆಟರ್ ಕೊಡು.

ವಿಮಾನ ಇಳಿದು ನಿಮ್ಮೂರಿಗೆ ರೈಲಿನಲ್ಲಿ ಬರುತ್ತೇನೆ, ಸ್ಟೇಷನ್ನಿಗೆ ಬರುತ್ತೀಯಾ? ಬರುವುದಾದರೆ ಮಾತ್ರ ಬರುತ್ತೇನೆ ಎನ್ನು. ಬಸ್ಸು ಉರುಳಿದರೂ ಬರಬೇಕು.

ನಿನ್ನ ಮಗಳು


ಜನವರಿ 12

ಮಾವಾ,

ತಲುಪಿದೆ. ಒಂದು ದಿನ ಪೂರ್ತಿ ನಿದ್ದೆ ಹೊಡೆದು ಈಗ ನಿನಗೆ ಬರೆಯುತ್ತಿದ್ದೇನೆ. ಅಂಗಡಿಗೆ ಬಂದು ಹೇಳಿದರೆ ನೀನು ನಡುನಡುವೆ ಗಾದೆ ತುರುಕಿ ಕಥೆ ಕೆಡಿಸುತ್ತೀಯ.

ಅಮ್ಮ ಸ್ಟೇಷನ್ನಿಗೆ ಬಂದಿದ್ದಳು. ಗಾಡಿ ಬರುವುದಕ್ಕೆ ಒಂದು ಗಂಟೆ ಮೊದಲೇ ಬಂದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದಳಂತೆ. ಎರಡು ಸ್ವೆಟರಿನಲ್ಲಿ ಮೂಟೆಯ ಹಾಗೆ ಕಂಡಳು. ನನ್ನನ್ನು ಕಂಡೊಡನೆ ಕೈ ಹಿಡಿದು ನಾಡಿ ನೋಡಿದಳು. ಅಪ್ಪಿಕೊಳ್ಳುವುದು ಅವಳಿಗೆ ಬರುವುದಿಲ್ಲ, ನಿನಗೆ ಗೊತ್ತಲ್ಲ.

ಕೋಣೆ ನೋಡಿ ನಗು ಬಂತು. ಗಡಿಯಾರಗಳನ್ನೆಲ್ಲ ಗೋಡೆಗೆ ಹಾಕಿದ್ದಾಳೆ. ಹತ್ತು ನಿಂತಿವೆ, ಒಂದು ಮಾತ್ರ ಓಡುತ್ತದೆ, ಅದೂ ತಪ್ಪು ಹೊತ್ತು ತೋರಿಸುತ್ತದೆ. ಇದ್ಯಾಕಮ್ಮಾ ಎಂದರೆ, "ಅದು ನಿಮ್ಮೂರಿನ ಹೊತ್ತು, ನೀನು ಡ್ಯೂಟಿ ಮುಗಿಸಿದ್ಯಾ ಅಂತ ನೋಡ್ಕೋಳೋಕೆ" ಅಂದಳು. ಮುಚ್ಚಳಗಳಲ್ಲಿ ಕಿಟಕಿಯಂಚಿಗೆ ಹಕ್ಕಿಗಳಿಗೆ ನೀರಿಡುತ್ತಾಳೆ.

ಜಗಳ ಮಾಡಿದೆವು. ಮೊದಲ ದಿನವೇ, ಮೂರನೇ ಮಾತಿಗೇ. ಬೆಂಚಿನ ವಿಷಯ ಎತ್ತಿದೆ, ಅಳು ಬಂತು, ಕೂಗಾಡಿದೆ. ಅವಳು ಸುಮ್ಮನೆ ಕೇಳಿದಳು. ನಡುವೆ ಆಸ್ಪತ್ರೆಯಿಂದ ಕರೆ ಬಂತು, "ಬೇರೆಯವ್ರನ್ನ ಕಳ್ಸಿ, ನನ್ ಮಗಳು ಬಂದಿದಾಳೆ" ಎಂದು ಇಟ್ಟುಬಿಟ್ಟಳು. ಆಮೇಲೆ ನನಗೆ ಕೂಗಾಡಲು ಏನೂ ನೆನಪಾಗಲಿಲ್ಲ.

ಹೊರಡುವ ದಿನದ ವಿಷಯ ಹೇಳಬೇಕು. ಅವಳ ಸಾಮಾನೆಲ್ಲ ಅಲ್ಲಿ ಬಿಟ್ಟದ್ದರಿಂದ ನನ್ನ ಪೆಟ್ಟಿಗೆ ಖಾಲಿಯಾಗಿತ್ತು. ಕಂಬಳಿ ಕೈಗೆತ್ತಿಕೊಂಡು ಕೇಳಿದೆ.

"ಅಮ್ಮಾ, ಇದನ್ನ ತಗೊಂಡು ಹೋಗ್ತೀನಿ. ನಂದೇ ತಾನೆ."

"ಅದು ಬೇಡ. ಬೇರೆ ಏನಾದ್ರೂ ತಗೋ."

"ನಿಂಗೆ ಕೋಟು ಬಂತಲ್ಲ. ಹೊದಿಕೇನೂ ತಂದಿದೀನಿ. ಇದು ನಿನ್ ಕಾಲಿಗೇ ಸಾಲಲ್ಲ."

"ಸಾಲ್ದಿದ್ರೆ ಕಾಲು ಮಡಚ್ಕೋತೀನಿ. ಕೊಡಲ್ಲ ಅಂದ್ನಲ್ಲ."

"ಸರಿ, ಸ್ಟೂಲು?"

"ಬೂಟ್ ಹಾಕ್ಕೋಳೋಕೆ ಅದ್ರ ಮೇಲೇ ಕೂರೋದು ನಾನು."

"ಫಲಕ?"

ಅವಳು ಎದ್ದು ಹೋಗಿ ಫಲಕಕ್ಕೆ ಅಡ್ಡವಾಗಿ ನಿಂತುಬಿಟ್ಟಳು ಮಾವಾ. ಅರವತ್ತು ದಾಟಿದ ಹೆಂಗಸು, ಚಿಕ್ಕ ಮಕ್ಕಳು ಆಟದ ಸಾಮಾನಿಗೆ ನಿಲ್ಲುವ ಹಾಗೆ. "ಗಡಿಯಾರ ಒಯ್ಯಿ. ಎಷ್ಟು ಬೇಕಾದ್ರೂ ಒಯ್ಯಿ. ಇವನ್ನ ಕೇಳ್ಬೇಡ" ಅಂದಳು. ನಾನು ಮತ್ತೆ ಕೇಳಲಿಲ್ಲ.

ಗಡಿಯಾರ ಒಂದು ನಿನಗೆ ತಂದಿದ್ದೇನೆ, ನಿಂತದ್ದು. ಬೇಡವೆಂದರೂ ಕೊಡುತ್ತೇನೆ.

ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ತೂಗಿದವನು ಮುಳ್ಳು ನೋಡಿ ನನ್ನ ಮುಖ ನೋಡಿದ. ಇಷ್ಟೇ ಏನು ಎಂದು ಸನ್ನೆ ಮಾಡಿ ಕೇಳಿದ. ಇಷ್ಟೇ ಎಂದೆ. ಅಮ್ಮ ನನ್ನದೇನನ್ನೂ ಕೊಡಲಿಲ್ಲ, ಮಾವಾ.

ನಿನ್ನ ಬೆಂಕಿಪೊಟ್ಟಣ